ಪೇಟೆಯ ಕೀಲಿ, ಕಸ್ತೂರಿಯ ಕುರ್ಚಿ

ಗೋವಾದ ವಾಸ್ಕೋದಲ್ಲಿ ರೈಲು ಇಳಿದ ದಿನ, ಊರಿನ ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದುಕೊಂಡೆ. ಮಧ್ಯಾಹ್ನ ಒಂದೂವರೆ ಗಂಟೆ. ಬಟ್ಟೆ ಅಂಗಡಿ, ಔಷಧದ ಅಂಗಡಿ, ಬಳೆ ಅಂಗಡಿ, ಒಂದೂ ಬಿಡದೆ ಬಾಗಿಲು ಹಾಕಿದ್ದವು. ರಸ್ತೆಯಲ್ಲಿ ಒಂದು ನಾಯಿ, ನಾವಿಬ್ಬರು, ನಮ್ಮ ಟ್ರಂಕು.

"ಯಾರ ಹೋದ್ರೀ?" ಎಂದು ಗಂಡನನ್ನು ಕೇಳಿದೆ.

"ಯಾರೂ ಹೋಗಿಲ್ಲ. ಉಂಡು ಮಕ್ಕೊಂಡಾರ. ನಾಕಕ್ಕ ಏಳ್ತಾರ" ಎಂದು ಅವರು ನಕ್ಕರು.

ಮುದ್ದೇಬಿಹಾಳದ ಪೇಟೆಯಲ್ಲಿ ಬೆಳೆದವಳಿಗೆ ಹಗಲಿನಲ್ಲಿ ಮಲಗುವ ಪೇಟೆ ಒಂದು ಗಾಬರಿ. ನಮ್ಮಲ್ಲಿ ಅಂಗಡಿಯ ಹಿಂದೆಯೇ ಮನೆ. ಸಂತೆಗೆ ಹೋದಾಗ ಅವಸರವಾದರೆ ಯಾರ ಹಿತ್ತಿಲಿಗಾದರೂ ಹೋಗಿ, "ಅವ್ವಾರ, ಬಚ್ಚಲಕ್ಕ ಹೋಗಿಬರ್ತೀನ್ರಿ" ಎಂದರೆ ಒಂದು ತಂಬಿಗೆ ನೀರು ಕೊಟ್ಟು ಕಳಿಸುತ್ತಿದ್ದರು. ಹೊರಡುವಾಗ ಚಹಾ ಬೇರೆ. ಇಲ್ಲಿ ಅಂಗಡಿಯ ಹಿಂದೆ ಗೋಡೆ, ಗೋಡೆಯ ಹಿಂದೆ ಇನ್ನೊಂದು ಗೋಡೆ.

ಪೇಟೆಯ ಮೇಲಿನ ಮಂಗೋರ್ ಹಿಲ್ ಎಂಬ ಗುಡ್ಡದಲ್ಲಿ ನಮ್ಮದು ತಗಡಿನ ಒಂದು ಖೋಲಿ. ಪಕ್ಕದ ಖೋಲಿ ನನ್ನ ಗಂಡನ ಅಣ್ಣನದು. ಭಾವ ಬಂದರಿನಲ್ಲಿ ಹಮಾಲರ ತಂಡಕ್ಕೆ ಮುಕಾದಮ, ನಮ್ಮನ್ನು ಕರೆಸಿಕೊಂಡವರೂ ಅವರೇ. ಎಲ್ಲಮ್ಮನ ದಯೆ, ಕುಡಿಯುವ ನೀರಿನ ನಳ ನಮ್ಮ ಬಾಗಿಲಿಗೆ ಹತ್ತೇ ಹೆಜ್ಜೆ. ಬೆಳಿಗ್ಗೆ ಪೊದೇರ ಬರುತ್ತಾನೆ. ಸೈಕಲ್ ಮೇಲೆ ಬುಟ್ಟಿ ಇಟ್ಟುಕೊಂಡು ಪೋಂ ಪೋಂ ಎಂದು ಬ್ರೆಡ್ಡು ಮಾರುವವನಿಗೆ ಇಲ್ಲಿ ಹಾಗೆನ್ನುತ್ತಾರೆ. ಜೋಳದ ರೊಟ್ಟಿಯ ಬಾಯಿಗೆ ಅವನ ಬ್ರೆಡ್ಡು ಹತ್ತಿಯಂತೆ ಅನಿಸಿತು. ಆದರೂ ಜ್ವರ ಬಂದಾಗ ರೊಟ್ಟಿ ಬಡಿಯುವ ಕಷ್ಟ ತಪ್ಪಿಸಿದ್ದು ಅದೇ, ಸುಳ್ಳು ಹೇಳಬಾರದು. ನಮ್ಮನ್ನು ಇಲ್ಲಿಯವರು ಘಾಟಿ ಎನ್ನುತ್ತಾರೆ. ಘಟ್ಟದ ಮೇಲಿನಿಂದ ಬಂದವರು ಎಂದರ್ಥ. ಅರ್ಥವೇನೋ ಸರಿಯೇ, ಅನ್ನುವ ಧಾಟಿ ಸರಿಯಿಲ್ಲ.

ಕಸ್ತೂರಿ ನಾನು ಬಂದ ನಾಲ್ಕು ವರ್ಷಕ್ಕೆ ಬಾಗಲಕೋಟೆ ಕಡೆಯಿಂದ ಬಂದಳು. ಯಾವ ರೇಷನ್ ಅಂಗಡಿ, ಯಾವ ಬಸ್ಸು, ಪೊದೇರನಿಗೆ ಹೇಗೆ ಕೂಗಬೇಕು, ಎಲ್ಲವನ್ನೂ ಕಲಿಸಿದ್ದು ನಾನು. ಪೇಟೆಯ ಹತ್ತಿರದ ಎರಡು ಮನೆಗಳಲ್ಲಿ ಅವಳು ಪಾತ್ರೆ ತೊಳೆಯಲು ಹೋದಳು. ಆರು ತಿಂಗಳಿಗೆ ಕೊಂಕಣಿ ಅವಳ ನಾಲಿಗೆಯ ಮೇಲೆ ಕುಣಿಯತೊಡಗಿತು. ನನಗೆ ಇಂದಿಗೂ 'ಏನು' ಎನ್ನಲು 'ಕಿತೆಂ' ಎನ್ನುವಾಗ ನಾಲಿಗೆ ತಡವರಿಸುತ್ತದೆ.

ಪೇಟೆಗೆ ಇಳಿಯುವ ಮೆಟ್ಟಿಲುಗಳ ಬುಡದಲ್ಲಿ ಒಂದು ಬಾರು. ಸಂಜೆಯಾದರೆ ಅದರ ಬೆಂಚುಗಳು ದಾರಿಗೇ ಬರುತ್ತಿದ್ದವು. ಊರಿಗೆ ಫೋನು ಮಾಡಲು ಎಸ್‌ಟಿಡಿ ಬೂತಿಗೆ ಹೋಗುವುದೂ ಹೆದರಿಕೆಯೇ. ಒಂದು ಸಲ ಗುಡ್ಡದ ಹುಡುಗಿಯೊಬ್ಬಳ ಕೈ ಯಾರೋ ಹಿಡಿದೆಳೆದ ಮೇಲೆ ಅಂಗಡಿಯವರು, ರಿಕ್ಷಾದವರು, ಪೊಲೀಸರು ಸೇರಿ ಒಂದು ಪೇಟೆ ಸಮಿತಿ ಮಾಡಿದರು. ನಿವೃತ್ತ ಮಾಸ್ತರರೊಬ್ಬರು ಅದರ ಮುಖ್ಯಸ್ಥರು. ಗುಡ್ಡದ ಗಂಡಸರ ಪರವಾಗಿ ನಮ್ಮ ಭಾವ. ಹೆಂಗಸರ ಪರವಾಗಿ ಒಬ್ಬರು ಬೇಕೆಂದು ಮಾಸ್ತರರು ಗುಡ್ಡದ ಮೇಲಿನ ನಮ್ಮ ಎಲ್ಲಮ್ಮನ ಗುಡಿಯ ಅಂಗಳದಲ್ಲೇ ಸಭೆ ಕರೆದರು. ಏಳನೆಯ ತರಗತಿ ಓದಿದವಳು ನಾನೊಬ್ಬಳೇ. ಎಲ್ಲರೂ ನನ್ನತ್ತ ನೋಡಿದರು.

ಮುಂದಿನ ಸಾಲಿನಲ್ಲಿ ಭಾವ ಕೂತಿದ್ದರು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿಯ ಧ್ವನಿ ಭಾವನ ಕಿವಿಗೆ ಬೀಳಬಾರದು. ಎಂಟು ವರ್ಷದಲ್ಲಿ ಅವರು ನನ್ನ ಬಳೆಯ ಸಪ್ಪಳ ಕೇಳಿರಬಹುದು, ಮಾತು ಕೇಳಿಲ್ಲ. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ.

"ಹಾಂವ್ ಯೆತಾಂ" ಎಂದಳು ಕಸ್ತೂರಿ. ನಾನು ಬರುತ್ತೇನೆ ಎಂದು. ಅವಳಿಗೆ ಇಲ್ಲಿ ಭಾವನೂ ಇಲ್ಲ, ಮಾವನೂ ಇಲ್ಲ. ಮಾಸ್ತರರು ಪಕ್ಕದ ಕೆಂಪು ಕುರ್ಚಿ ತೋರಿಸಿದರು. ಕಾಲ ಮೇಲೆ ಕಾಲು ಹಾಕದೆ, ಆದರೆ ಬೆನ್ನು ಪೂರ್ತಿ ಆನಿಸಿ, ಅವಳು ಕೂತಳು. ಆ ರಾತ್ರಿ ದೇವರ ಮುಂದೆ ದೀಪ ಹಚ್ಚಿದರೂ ನನಗೆ ಕಂಡದ್ದು ಆ ಕುರ್ಚಿಯೇ.

ಸಮಿತಿ ಕೆಲಸ ಮಾಡಿತು, ಇಲ್ಲವೆನ್ನಲಾರೆ. ಬಾರಿನ ಬೆಂಚುಗಳು ಒಳಗೆ ಹೋದವು. ಅಂಗಡಿ ಮುಚ್ಚಿದ ಮೇಲೂ ಹೊರಗೆ ಒಂದು ಬಲ್ಬು ಉರಿಯಬೇಕೆಂದು ವ್ಯಾಪಾರಿಗಳು ಒಪ್ಪಿದರು. ರಿಕ್ಷಾದವರು ಪಾಳಿ ಹಚ್ಚಿಕೊಂಡು ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿದರು. ಮಂಗಳವಾರದ ಆರತಿ ಮುಗಿಸಿ ಪೇಟೆಗೆ ಇಳಿದು ಅವ್ವನೊಂದಿಗೆ ಫೋನಿನಲ್ಲಿ ಮಾತಾಡಿ ಬರುವುದು ನನಗೂ ಸಾಧ್ಯವಾಯಿತು. ಪ್ರತಿ ಬಲ್ಬಿನ ಕೆಳಗೆ ದಾಟುವಾಗ ಎಲ್ಲಮ್ಮನಿಗೆ ಕೈ ಮುಗಿಯುತ್ತಿದ್ದೆ. ಆದರೆ ಇದನ್ನೆಲ್ಲ ಕಸ್ತೂರಿ ಮಾಡಿಸಿದಳಂತೆ ಎಂದು ಯಾರಾದರೂ ಅಂದರೆ ಮಾತು ತಿರುಗಿಸಿ ಜೋಳದ ಬೆಲೆ ಕೇಳುತ್ತಿದ್ದೆ.

ಮೀನು ಪೇಟೆಯ ಮೂಲೆಯಲ್ಲಿ ಹೆಂಗಸರಿಗೊಂದು ಪಾಯಖಾನೆಯನ್ನೂ ಕಟ್ಟಿಸಿದರು. ಗೋಡೆಗೆ ಬಿಳಿ ಟೈಲ್ಸು, ನಳದಲ್ಲಿ ನೀರು. ಹೊಲಸಾಗಬಾರದೆಂದು ಬೀಗ ಹಾಕಿ, ಕೀಲಿಯನ್ನು ಎದುರಿನ ಪಾನ್ ಅಂಗಡಿಯಲ್ಲಿಟ್ಟರು. ಕಳೆಯಬಾರದೆಂದು ಅದಕ್ಕೊಂದು ಮೊಳದುದ್ದದ ಕಟ್ಟಿಗೆ ಕಟ್ಟಿದರು. ಪಾನ್ ಅಂಗಡಿಯ ಮುಂದೆ ಯಾವಾಗಲೂ ಏಳೆಂಟು ಗಂಡಸರು. ಅವರ ನಡುವೆ ಕೈ ಚಾಚಿ ಕೀಲಿ ಕೇಳಿ, ಆ ಕಟ್ಟಿಗೆ ಹಿಡಿದು ಪೇಟೆಯ ನಡುವೆ ಯಾವ ಹೆಣ್ಣು ನಡೆದಾಳು? ನಾವು ಹಳೆಯ ಪದ್ಧತಿಗೇ ಅಂಟಿಕೊಂಡೆವು: ಪೇಟೆಗೆ ಹೋಗುವ ದಿನ ಮಧ್ಯಾಹ್ನದಿಂದ ನೀರು ಕುಡಿಯುವುದಿಲ್ಲ.

ಕಸ್ತೂರಿಗೆ ಇದು ಹೊಳೆಯಲೇ ಇಲ್ಲ. ಕೆಲಸದ ಮನೆಯ ಹಿಂದಿನ ಬಚ್ಚಲು ಅವಳಿಗಿತ್ತು. ಒಂದು ದಿನ ಬಂದು ಹೊಸ್ತಿಲ ಮೇಲೆ ಕೂತಳು.

"ಅಕ್ಕಾರ, ಅಷ್ಟ ಚಲೋ ಕಟ್ಸ್ಯಾರ. ಒಬ್ಬಾಕಿನೂ ಯಾಕ ಹೋಗವಲ್ರು? ಯಾರಿಗೂ ಬ್ಯಾಡಾಗಿದ್ರ ಅಂಗಡಿಯವ್ರ ಸಾಮಾನಿಗೆ ಕೊಡೂಣು ಅನ್ನಾಕತ್ತಾರ."

ನನಗೆ ಗೊತ್ತಿತ್ತು. ಹೇಳಿದರೆ ಅವಳು ಹೋಗಿ ಕುರ್ಚಿಯಲ್ಲಿ ಕೂತು ಹೇಳುತ್ತಾಳೆ ಎಂಬುದೂ ಗೊತ್ತಿತ್ತು.

"ನನಗೇನ ಗೊತ್ತವಾ. ಮೆಂಬರ್ ನೀ ಇದ್ದೀ, ನೀನ ಹುಡುಕು" ಎಂದೆ.

ಅವಳು ಸೆರಗು ಕೊಡವಿ ಎದ್ದುಹೋದಳು.

ಅದಾಗಿ ನಾಲ್ಕು ದಿನಕ್ಕೆ ಭಾವನ ಹೆಂಡತಿ ನಿಂಗವ್ವಕ್ಕ ಮತ್ತು ನಾನು ಪೇಟೆಗೆ ಹೋದೆವು. ಅಕ್ಕನಿಗೆ ಸಕ್ಕರೆ ಕಾಯಿಲೆ, ಹೊತ್ತು ತಡೆಯಲಾಗುವುದಿಲ್ಲ. ಕಾಯಿಪಲ್ಲೆ ಕೊಂಡು ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಪೇಟೆ ಮುಚ್ಚಿತ್ತು. ತೆರೆದಿದ್ದದ್ದು ಪಾನ್ ಅಂಗಡಿ ಒಂದೇ. "ನೀ ಹೋಗಿ ಕೇಳವಾ" ಎಂದರು ಅಕ್ಕ. ನಾನು ಎರಡು ಹೆಜ್ಜೆ ಹೋದೆ. ಗಂಡಸರು ತಿರುಗಿ ನೋಡಿದರು. ವಾಪಸು ಬಂದೆ. ಅಕ್ಕನಿಗೆ ತಡೆಯಲಾಗಲಿಲ್ಲ. ಕಾಯಿಪಲ್ಲೆಯ ಚೀಲವನ್ನು ಸೀರೆಯ ಹಿಂದಕ್ಕೆ ಹಿಡಿದು ಗೋಡೆ ಬದಿಯಿಂದ ನಡೆದರು. ಮನೆಯ ಹತ್ತಿರದ ನಳದಲ್ಲಿ ಸೀರೆಯ ಮೇಲೆಲ್ಲ ನೀರು ಸುರಿದುಕೊಂಡು, ಕೇಳಿದವರಿಗೆ "ಕೊಡ ಜಾರಿತು" ಎಂದು ನಕ್ಕರು. ಐವತ್ತು ದಾಟಿದ ಹೆಣ್ಣುಮಗಳು. ಒಳಗೆ ಹೋಗಿ ಅತ್ತದ್ದು ತಗಡಿನ ಗೋಡೆಯಾಚೆ ನನಗೆ ಕೇಳಿಸಿತು. ನನ್ನ ಹೊಟ್ಟೆಕಿಚ್ಚು ಅವರ ಸೀರೆ ತೋಯಿಸಿತ್ತು.

ಗುಡಿಯ ಅಂಗಳದಲ್ಲಿ ನಡೆದ ಮುಂದಿನ ಸಭೆಯಲ್ಲಿ ಪಾಯಖಾನೆಯನ್ನು ಗೋದಾಮು ಮಾಡುವ ಮಾತು ಬಂತು. ಭಾವ ಅಲ್ಲೇ ಇದ್ದರು. ನಾನು ಕಂಬದ ಹಿಂದೆ, ಅವರಿಗೆ ಬೆನ್ನು ಮಾಡಿ ನಿಂತೆ. ಭಾವನೊಂದಿಗೆ ಮಾತಾಡಬಾರದು, ಆದರೆ ಕಸ್ತೂರಿಯೊಂದಿಗೆ ಆಡಬಾರದೆಂದು ಯಾರೂ ಹೇಳಿಲ್ಲ.

"ಏ ಕಸ್ತೂರಿ" ಎಂದೆ. "ಅವರಿಗೆ ಹೇಳು. ಬ್ಯಾಡಾಗಿ ಬಿಟ್ಟಿಲ್ಲ. ಕೀಲಿ ಗಂಡಸರ ಕೈಯಾಗ ಐತಿ. ಹೆಣ್ಮಕ್ಕಳು ಹೆಂಗ ಕೇಳ್ಬೇಕು? ಕಟ್ಟಿಗಿ ಹಿಡಕೊಂಡು ಮೆರವಣಿಗಿ ಹೋಗ್ಬೇಕೇನು?"

ಹಿಂದಿನಿಂದ ಯಾರೋ ಹೆಂಗಸರು ಕಿಸಕ್ಕೆಂದರು. ನಾನು ಮಾತು ಮುಂದುವರಿಸಿದೆ.

"ಹೂ ಮಾರೋ ಶೆವಂತಿಬಾಯಿ ಹಂತ್ಯಾಕ ಇಡ್ರಿ ಅನ್ನು. ಮಧ್ಯಾಹ್ನನೂ ಅಕಿ ಅಲ್ಲೇ ನೆಳ್ಳಾಗ ಕುಂತಿರ್ತಾಳ. ಹೂವಿನ ಜೋಡಿ ಕೀಲಿನೂ ಇಸ್ಕೊಂಡ್ರ ಯಾರಿಗೂ ಗೊತ್ತಾಗಂಗಿಲ್ಲ."

ಕಸ್ತೂರಿ ಎಲ್ಲವನ್ನೂ ಕೊಂಕಣಿಗೆ ತಿರುಗಿಸಿದಳು. ಮೆರವಣಿಗೆಯ ಮಾತನ್ನೂ ಬಿಡಲಿಲ್ಲ, ಅದನ್ನು ನನಗಿಂತ ಚೆನ್ನಾಗಿ ಹೇಳಿದಳು, ಎಲ್ಲರೂ ನಕ್ಕರು. ಮಾಸ್ತರರು ಕಿವಿ ಹಿಡಿದುಕೊಂಡು ತಪ್ಪಾಯಿತು ಎಂದರು. ಹಾಗೆಂದದ್ದು ಕಸ್ತೂರಿಗೆ.

ವಾರದೊಳಗೆ ಕೀಲಿ ಶೆವಂತಿಬಾಯಿಯ ಬುಟ್ಟಿಯಲ್ಲಿ, ಅಬ್ಬಲಿಗೆ ದಂಡೆಗಳ ಕೆಳಗೆ ಬಂತು. ನಿಂಗವ್ವಕ್ಕ ಈಗ ಪೇಟೆಗೆ ಹೊರಡುವ ಮೊದಲು ಚಹಾ ಕುಡಿಯುತ್ತಾರೆ.

ಸಭೆಯಾದ ನಾಲ್ಕನೆಯ ದಿನ ಬೆಳಿಗ್ಗೆ ಭಾವ, ನಾನು ನಳದ ಹತ್ತಿರ ಇರುವುದನ್ನು ನೋಡಿಕೊಂಡೇ, ಹೆಂಡತಿಗೆ ಕೂಗಿ ಹೇಳಿದರು: "ಸಣ್ಣಾಕಿಗೆ ಹೇಳು, ಇನ್ನಮುಂದ ಸಭಾಕ್ಕ ನಾ ಹೋಗಂಗಿಲ್ಲ. ಅಕಿ ಹೋಗ್ಲಿ. ಕಂಬದ ಹಿಂದ ನಿಂದ್ರೂದು ಬ್ಯಾಡಂತ ಹೇಳು."

ಕೊಡ ತುಂಬಿ ಹರಿಯುತ್ತಿದ್ದರೂ ನಳ ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ.

ಹೀಗೆ ನಾನೂ ಸಮಿತಿಗೆ ಹೋದೆ. ಕಸ್ತೂರಿ ಕೆಂಪು ಕುರ್ಚಿಯಲ್ಲಿ, ನಾನು ಪಕ್ಕದ ಸ್ಟೂಲಿನ ಮೇಲೆ. ಗುಮಾಸ್ತ ದೊಡ್ಡ ಪುಸ್ತಕ ತೆರೆದು ಹೆಸರು ಬರೆದುಕೊಂಡು ಕೇಳಿದ, "ತುಜೊ ಗಾಂವ್ ಖಂಯ್ಚೊ?" ನಿನ್ನ ಊರು ಯಾವುದು ಎಂದು. ಇದೇ ಪ್ರಶ್ನೆಗೆ ಕಸ್ತೂರಿ ರೆಪ್ಪೆ ಬಡಿಯದೆ "ವಾಸ್ಕೋ" ಎಂದಿದ್ದಳಂತೆ. ಅಷ್ಟು ಹಗುರವಾಗಿ ಹೇಳಿಬಿಡುವ ಅವಳ ಬಾಯಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಮುದ್ದೇಬಿಹಾಳ ಎಂದೆ. ಹೇಳಿದ ಮೇಲೆ ಸಂಕಟವಾಗಿ ಮಂಗೋರ್ ಹಿಲ್ ಎಂದೂ ಸೇರಿಸಿದೆ.

"ಒಂದೇ ಬರೆಯಲು ಜಾಗ ಇದೆ, ಬಾಯೀ" ಎಂದು ಹಿಂದಿಯಲ್ಲಿ ಹೇಳಿ, ಅವನು ಒಂದನ್ನು ಬರೆದುಕೊಂಡು ಪುಟ ತಿರುಗಿಸಿದ. ಬರೆದದ್ದು ಇಂಗ್ಲಿಷಿನಲ್ಲಿ. ನನ್ನ ಏಳನೆಯ ತರಗತಿಗೆ ಅಷ್ಟು ಕೂಡಿಸಿ ಬರೆದ ಅಕ್ಷರ ಓದಲು ಬರಲಿಲ್ಲ. ತನ್ನ ಮಗಳ ಶಾಲೆಯ ಪುಸ್ತಕ ನೋಡಿ ನೋಡಿ ಕಸ್ತೂರಿ ಇಂಗ್ಲಿಷ್ ಅಕ್ಷರ ಕಲಿತಿದ್ದಾಳೆ. ಯಾವ ಊರು ಬರೆದ ಎಂದು ಅವಳನ್ನು ಕೇಳಿದ್ದರೆ ಹೇಳುತ್ತಿದ್ದಳು. ನಾನು ಕೇಳಲಿಲ್ಲ.