ಬ್ಯಾಟರಿ ಚಾಚಾ ಕೇಳಿಸಿಕೊಂಡ ಕೆಮಿಸ್ಟ್ರಿ

ಬ್ಯಾಟರಿ ಚಾಚಾನ ಅಂಗಿಯ ಹೊಟ್ಟೆಭಾಗ ಜರಡಿಯ ಹಾಗಿರುತ್ತಿತ್ತು. ಆಸಿಡ್ ಸಿಡಿದಲ್ಲೆಲ್ಲ ಸಾಸಿವೆ ಕಾಳಿನಷ್ಟು, ಕಡಲೆ ಕಾಳಿನಷ್ಟು ತೂತು. ಒಳಗಿನ ಬನಿಯನ್ನಿಗೂ ಅದೇ ಗತಿ. ಬಲಗೈ ಮೊಣಕೈಯಿಂದ ಕೆಳಗೆ ಚರ್ಮ ಬಿಗಿದುಕೊಂಡು ಹೊಳೆಯುತ್ತಿತ್ತು. "ಹೊಸಾ ಅಂಗಿ ನನ್ನ ಮೈಮ್ಯಾಲ ಎಂಟು ದಿನ ಬಾಳಂಗಿಲ್ಲ" ಎಂದು ತಾವೇ ನಗುತ್ತಿದ್ದರು.

ಕೂಡ್ಲಿಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಬ್ಯಾಟರಿ ರಿಪೇರಿ ಅಂಗಡಿ. ನಮ್ಮ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಅಪ್ಪ ಅಲ್ಲೇ ಚಾರ್ಜಿಗೆ ಕೊಡುತ್ತಿದ್ದ. ನಾನು ಪಿಯುಸಿ ಸೈನ್ಸಿಗೆ ಸೇರಿದಾಗ, ಕಾಲೇಜು ಬಿಟ್ಟ ಮೇಲೆ ಹೊಸಹಳ್ಳಿ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಾಗುತ್ತಿತ್ತು. "ಬಸ್ ಬರೋ ತನಕ ಚಾಚಾನ ಅಂಗಡ್ಯಾಗ ಕುಂದ್ರು" ಅಂದ ಅಪ್ಪ. ತಗಡಿನ ನೆರಳಿನ ಕೆಳಗಿನ ಬೆಂಚು ನನ್ನದಾಯಿತು.

ಹತ್ತನೆಯ ತರಗತಿಯ ತನಕ ಎಲ್ಲವನ್ನೂ ಕನ್ನಡದಲ್ಲೇ ಓದಿದವಳು ನಾನು. ಈಗ ಕೈಗೆ ಬಂದದ್ದು ಇಂಗ್ಲಿಷಿನ ದಪ್ಪ ಕೆಮಿಸ್ಟ್ರಿ ಪುಸ್ತಕ. ಒಂದು ಸಾಲೂ ಒಳಗೆ ಇಳಿಯುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದೆ. ಒಂದು ದಿನ ಚಾಚಾ ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳಿದರು:

"ಅದು ಏನು ಬೇಟಿ, ಒಂದs ಮಾತು ಹತ್ತು ಸಲ ಅಂತಿ?"

"ಮೋಲ್ ಅಂತ, ಚಾಚಾ. ಕೆಮಿಸ್ಟ್ರಿ."

"ಅಂದ್ರ?"

ನಾನು ಪುಸ್ತಕದಲ್ಲಿದ್ದದ್ದನ್ನು ಗಡಗಡ ಒಪ್ಪಿಸಿದೆ. ಅವರು ತಲೆ ಅಲ್ಲಾಡಿಸಿದರು. "ಹಂಗಲ್ಲ. ನನಗ ತಿಳಿಯೋ ಹಂಗ ಹೇಳು. ನಾನು ಸಾಲಿ ಕಲ್ತವನಲ್ಲ."

ಅವರಿಗೆ ಅಂಕಿಗಳು ಬರುತ್ತಿದ್ದವು, ಅಕ್ಷರ ಬರುತ್ತಿರಲಿಲ್ಲ. ನಾನು ತಡವರಿಸಿದೆ. ಕಣಗಳು, ಅವು ಕಣ್ಣಿಗೆ ಕಾಣುವುದಿಲ್ಲ, ಒಂದೊಂದೇ ಎಣಿಸಲಾಗುವುದಿಲ್ಲ, ಅದಕ್ಕೆ ಒಂದು ಗುಂಪಿನ ಲೆಕ್ಕ ಮಾಡಿಕೊಂಡಿದ್ದಾರೆ ಎಂದೆ. ಚಾಚಾ, "ಬಾಳೆಹಣ್ಣು ಡಜನ್ ಲೆಕ್ಕದಾಗ ಕೊಟ್ಟಂಗ. ಇದು ಬಾಳ ದೊಡ್ಡ ಡಜನ್. ಹೌದಿಲ್ಲೋ?" ಅಂದರು. ನನಗೆ ಆ ಪಾಠ ತಿಳಿದದ್ದು ಆ ಗಳಿಗೆಯಲ್ಲಿ.

ಅಂದಿನಿಂದ ದಿನವೂ ಓದಿ ಹೇಳಬೇಕು. ಗಿರಾಕಿ ಬಂದರೆ "ಒಂದೀಟು ತಡೀರಿ, ನಮ್ಮ ಪಾಠ ನಡದೈತಿ" ಎನ್ನುತ್ತಿದ್ದರು. ನಾನು ಅರ್ಥವಾಗದೆಯೇ ಅರ್ಥವಾದವಳ ಹಾಗೆ ಹೇಳಿದರೆ ಹೇಗೋ ಗೊತ್ತಾಗಿಬಿಡುತ್ತಿತ್ತು. "ಇದು ನಿನಗs ತಿಳಿದಿಲ್ಲ. ಹಿಂದಕ್ಕ ಹೋಗು."

ಆದರೂ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆಮಿಸ್ಟ್ರಿ ಫೇಲಾದೆ. ಆರ್ಟ್ಸಿಗೆ ಹಾಕಿಸುವುದೆಂದು ತೀರ್ಮಾನ ಮಾಡಿಕೊಂಡೇ ಅಪ್ಪ ಕೂಡ್ಲಿಗಿಗೆ ಬಂದ. ಕಾಲೇಜಿಗೆ ಹೋಗುವ ಮೊದಲು ಚಾಚಾನ ಅಂಗಡಿಯಲ್ಲಿ ಚಹಾ ಕುಡಿಯಲು ಕೂತ. ನಾನು ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿಕೊಂಡಿದ್ದೆ.

"ಗೌಡ್ರ, ಇದೊಂದು ವರ್ಷ ತಡೀರಿ" ಅಂದರು ಚಾಚಾ. "ಅಕಿಗೆ ಪಾಠ ಬರತೈತಿ. ಇಂಗ್ಲೀಷ್ ಬರವಲ್ದು, ಅಷ್ಟ."

"ನಿನಗೆಂಗ ಗೊತ್ತು?"

"ನನಗ ಕಲಿಸ್ಯಾಳಲ್ರಿ."

ಅಪ್ಪ ನನ್ನ ಮುಖ ನೋಡಿದ, ಚಾಚಾನ ಮುಖ ನೋಡಿದ. ಚಹಾ ಮುಗಿಸಿ, ಕಾಲೇಜಿನ ಕಡೆ ಹೋಗದೆ ಬಂದ ಬಸ್ಸಿಗೇ ಊರಿಗೆ ಹೊರಟ.

ಆಮೇಲೊಂದು ದಿನ ಪ್ರಾಕ್ಟಿಕಲ್ ಪುಸ್ತಕ ಓದುತ್ತಿದ್ದೆ. ನೀರಿಗೆ ಸ್ವಲ್ಪಸ್ವಲ್ಪವಾಗಿ ಆಸಿಡ್ ಸೇರಿಸಬೇಕು, ಆಸಿಡ್‌ಗೆ ಎಂದೂ ನೀರು ಹಾಕಬಾರದು ಎಂಬ ಸಾಲು ಬಂತು. ಕನ್ನಡದಲ್ಲಿ ಹೇಳಿದೆ. ಚಾಚಾ ಕೆಲಸ ಬಿಟ್ಟು ಎದ್ದು ಬಂದರು.

"ಇನ್ನೊಮ್ಮಿ ಹೇಳು."

ಹೇಳಿದೆ.

"ಎಲ್ಲೈತಿ ಅದು? ಬಟ್ಟು ಇಟ್ಟು ತೋರ್ಸು."

ತೋರಿಸಿದೆ. ಅವರು ಆ ಸಾಲನ್ನೇ ಬಹಳ ಹೊತ್ತು ನೋಡುತ್ತ ನಿಂತರು. ಕೆಲಸ ಕಲಿಯಲು ಸೇರಿದ ಹೊಸದರಲ್ಲಿ ಅವರು ಆಸಿಡ್ ಕ್ಯಾನಿಗೆ ಚೊಂಬು ನೀರು ಸುರಿದಿದ್ದರಂತೆ. ಅದು ಕುದಿದು ಮೇಲಕ್ಕೆ ಹಾರಿತು. ಕೈ ಸುಟ್ಟದ್ದು ಹಾಗೆ. ಆಮೇಲಿಂದ ನೀರು ಬೆರೆಸಿದ ಆಸಿಡನ್ನೇ ಕೊಂಡು ತರುತ್ತಿದ್ದರಂತೆ. "ತಪ್ಪು ನಂದು, ಗಡಿಬಿಡಿ ಮಾಡಿದೆ ಅಂತ ಇಷ್ಟು ದಿನ ತಿಳಕಂಡಿದ್ದೆ" ಅಂದರು. "ಗೊತ್ತಿದ್ದವರು ಪುಸ್ತಕದಾಗ ಬರದು ಇಟ್ಟಾರ. ನಮ್ಮಂಥೋರಿಗೆ ಯಾರೂ ಓದಿ ಹೇಳಲಿಲ್ಲ."

ಮರುದಿನ ರಟ್ಟು, ಕೆಂಪು ಬಣ್ಣ ತಂದಿಟ್ಟಿದ್ದರು. ಆ ಮಾತನ್ನು ನನ್ನಿಂದ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದರು, ಮಸೀದಿಯ ಹಜರತ್ತರಿಂದ ಕೆಳಗೆ ಉರ್ದುವಿನಲ್ಲಿ ಬರೆಸಿ ಅಂಗಡಿಯ ಮುಂದೆ ತೂಗುಹಾಕಿದರು. ಕೊಟ್ಟೂರಿನಿಂದ ಬಂದ ಒಬ್ಬ ಮೆಕ್ಯಾನಿಕ್ ಅದನ್ನು ನೋಡಿ, ತನಗೂ ಒಂದು ಬೇಕೆಂದು ಬರೆಸಿಕೊಂಡು ಹೋದ.

ಎರಡನೆಯ ವರ್ಷದಲ್ಲಿ ಬ್ಯಾಟರಿಯ ಪಾಠವೇ ಬಂತು. ಈಗ ಪ್ರಶ್ನೆ ಅವರದು. "ಬ್ಯಾಟರಿ ಸತ್ತಾಗ ಪ್ಲೇಟಿಗೆ ಬೆಳ್ಳಗ ಹತ್ತತೈತಲ್ಲ, ಅದು ಏನು?" ನನಗೆ ಗೊತ್ತಿರಲಿಲ್ಲ. ತರಗತಿಯಲ್ಲಿ ಎಂದೂ ಬಾಯಿ ತೆರೆಯದವಳು ಮರುದಿನ ಎದ್ದು ನಿಂತು ಮೇಷ್ಟರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಬರೆದು ವಿವರಿಸಿದರು. ಸಂಜೆ ಚಾಚಾನಿಗೆ ಹೇಳಿದೆ: ಆಸಿಡ್‌ನ ಸತ್ವ ಸೀಸಕ್ಕೆ ಹತ್ತಿ ಬಿಳಿ ಸಲ್ಫೇಟ್ ಆಗುತ್ತದೆ, ಉಳಿದದ್ದು ತೆಳುವಾಗುತ್ತದೆ. ಅವರು ಆಸಿಡ್ ಅಳೆಯುವ ಗಾಜಿನ ನಳಿಕೆ ತೆಗೆದು ಹಿಡಿದರು. "ತೆಳ್ಳಗ ಆಗತೈತಿ ಅಂತನs ಇದರಾಗಿನ ಗುಂಡು ಮುಳುಗತೈತಿ. ನಾನು ಮೂವತ್ತು ವರ್ಷ ಇದನ್ನ ನೋಡೀನಿ. ಯಾಕ ಅಂತ ಇವತ್ತು ತಿಳೀತು ನೋಡವ್ವ."

ನಾನು ಪಾಸಾದೆ. ಎಂಎಸ್ಸಿ ಮುಗಿಸಿ, ಈಗ ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಊರಿಗೆ ಹೋದಾಗಲೆಲ್ಲ ಅಂಗಡಿಗೆ ಹೋಗುತ್ತಿದ್ದೆ. ಹೋದ ವರ್ಷ ಎದೆನೋವು ಬಂದು ಚಾಚಾ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ನಾಲ್ಕು ದಿನವಾಗಿತ್ತು.

ಅವರ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅವರ ಹೆಂಡತಿ ಚಾಚಿಯನ್ನು ನೋಡಿದ್ದು ಅದೇ ಮೊದಲು. ನಾನು ಯಾರೆಂದು ಹೇಳಿದೊಡನೆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಚಾಚಾ ತಮಗs ಕಲಿಯೋದು ಐತೇನೋ ಅನ್ನೋ ಹಂಗ ಕೇಳಿಕೇಳಿ ನನ್ನ ಓದಿಸಿದ್ರು, ಚಾಚಿ" ಎಂದೆ. ಎಲ್ಲರ ಮುಂದೆಯೂ ನಾನು ಹೇಳಿಕೊಂಡು ಬಂದ ಮಾತು ಅದು.

ಚಾಚಿ ಅಲ್ಲವೆಂದು ತಲೆಯಾಡಿಸಿದರು. "ಊಟಕ್ಕ ಕುಂತಾಗ ನೀ ಹೇಳಿದ್ದೆಲ್ಲಾ ನಮಗ ಹೇಳೋರು. ನಿನ್ನ ಕಾಲೇಜಿಗೆ ರಜಾ ಬಂದ್ರ ಮಾರಿ ಸಣ್ಣದು ಮಾಡ್ಕಂಡು ಬರೋರು. 'ಇವತ್ತು ಪಾಠ ಇಲ್ಲ' ಅನ್ನೋರು."

ಆ ದಿನದಿಂದ ನಾನು ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ಚಾಚಾ ನನಗೋಸ್ಕರ ನಟಿಸುತ್ತಿರಲಿಲ್ಲ. ಅವರಿಗೆ ತಿಳಿಯಬೇಕಾಗಿತ್ತು, ಕೇಳುತ್ತಿದ್ದರು. ನನ್ನ ಮೊದಲ ವಿದ್ಯಾರ್ಥಿ ಅವರು. ಅಂಥವರು ಇನ್ನೊಬ್ಬರು ನನಗೆ ಇನ್ನೂ ಸಿಕ್ಕಿಲ್ಲ.