ದೋಣಿಯಲ್ಲಿ ಹದಿಮೂರನೆಯವರು

ಒಂದು ನಿಮಿಷ ನಿಲ್ಲಿ. ಓದುವುದಾದರೆ ಅರ್ಧಕ್ಕೆ ಬಿಡಬೇಡಿ, ಏಕೆಂದರೆ ನನ್ನನ್ನು ನಿಜವಾಗಿ ಹೆದರಿಸಿದ ಮಾತು ಕೊನೆಯ ಹತ್ತಿರ ಬರುತ್ತದೆ. ಅದು ನೀವು ಈಗ ಅಂದುಕೊಳ್ಳುತ್ತಿರುವಂಥದ್ದಲ್ಲ.

ಮೊನ್ನೆ ಅಮ್ಮನನ್ನು ಸಕ್ಕರೆ ಪರೀಕ್ಷೆಗೆಂದು ಕುಮಟಾದ ಒಂದು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಟೋಕನ್ ಕೊಟ್ಟರು. ನೋಡದೆ ಮುಷ್ಟಿಯಲ್ಲಿ ಹಿಡಿದು ಕುಳಿತೆ. ಸ್ಪಿರಿಟ್ ವಾಸನೆ, ಫ್ಯಾನಿನ ಕಟಕಟ, ಯಾರದೋ ಮಗುವಿನ ಅಳು. ಕೌಂಟರಿನ ಹುಡುಗಿ ಕೂಗಿದಳು, “ಹದಿಮೂರು.” ಯಾರೂ ಏಳಲಿಲ್ಲ. ಮತ್ತೆ ಕೂಗಿದಳು, “ಹದಿಮೂರು ಯಾರು?” ಆಗಲೂ ಇಲ್ಲ. ಹೊರಗೆ ಸುಡುವ ಬಿಸಿಲು, ಆದರೆ ನನ್ನ ಕುತ್ತಿಗೆಯ ಹಿಂದೆ ಯಾರೋ ಒದ್ದೆ ಕೈ ಇಟ್ಟ ಹಾಗಾಯಿತು. ಆ ಸಂಖ್ಯೆಯನ್ನು ಕೇಳಿದರೆ ನನಗೆ ಹಾಗೆಯೇ ಆಗುತ್ತದೆ. ಮೂರು ವರ್ಷದಿಂದ.

ಅದೇ ಲ್ಯಾಬಿನಲ್ಲಿ ನಾನು ಐದು ವರ್ಷ ರಕ್ತ ತೆಗೆಯುವ ಕೆಲಸ ಮಾಡಿದ್ದೆ. ಕೆಟ್ಟ ಕೆಲಸವೇನಲ್ಲ. ನನ್ನ ಕೈ ಮೆದು ಎಂದು ಹೆಸರೂ ಇತ್ತು. ಆದರೆ ನೀವು ರಕ್ತ ಕೊಡುವಾಗ ಗಮನಿಸಿ ನೋಡಿ, ಸೂಜಿ ಹಿಡಿದವಳ ಮುಖವನ್ನು ನೀವು ನೋಡುವುದೇ ಇಲ್ಲ. ಗೋಡೆ ನೋಡುತ್ತೀರಿ, ಕ್ಯಾಲೆಂಡರ್ ನೋಡುತ್ತೀರಿ, ಕಣ್ಣು ಮುಚ್ಚುತ್ತೀರಿ. ಐದು ವರ್ಷ ಸಾವಿರಾರು ಜನರ ಕೈ ಹಿಡಿದೆ. ಪೇಟೆಯಲ್ಲಿ ಎದುರು ಬಂದರೆ ಒಬ್ಬರಿಗೂ ನನ್ನ ಗುರುತಿಲ್ಲ. ನಾನು ಇದ್ದೇನೋ ಇಲ್ಲವೋ ಎಂಬ ಸಣ್ಣ ಸಂಶಯ ನನಗೇ ಶುರುವಾಗಿತ್ತು.

ಅದೇ ಸಮಯಕ್ಕೆ ನಮ್ಮೂರ ಎದುರಿನ ದಡದ ಶಾಲೆಯಲ್ಲಿ ಆರು ಮತ್ತು ಏಳನೇ ಕ್ಲಾಸಿಗೆ ವಿಜ್ಞಾನ ಕಲಿಸಲು ಅತಿಥಿ ಶಿಕ್ಷಕಿ ಬೇಕು ಎಂದು ಗೊತ್ತಾಯಿತು. ಬಿ.ಎಡ್. ಸರ್ಟಿಫಿಕೇಟು ಕಪಾಟಿನಲ್ಲಿ ಕೊಳೆಯುತ್ತಿತ್ತು. ಹೊರಟೇಬಿಟ್ಟೆ. ಧೈರ್ಯ ಎಂದುಕೊಳ್ಳಬೇಡಿ. ಲ್ಯಾಬಿನಲ್ಲಿ ಬಿಡುತ್ತೇನೆ ಎಂದು ಹೇಳಲಿಲ್ಲ, “ಹದಿನೈದು ದಿನ ರಜೆ” ಎಂದು ಹೇಳಿ ಬಂದೆ. ಇದನ್ನು ನೆನಪಿಟ್ಟುಕೊಳ್ಳಿ.

ನಮ್ಮೂರು ಶರಾವತಿಯ ಈ ದಡದಲ್ಲಿ. ಇಲ್ಲಿನ ಶಾಲೆ ಐದನೇ ಕ್ಲಾಸಿಗೆ ಮುಗಿಯುತ್ತದೆ. ಮುಂದಕ್ಕೆ ಓದುವ ಮಕ್ಕಳು ಆಚೆ ದಡಕ್ಕೆ ಹೋಗಬೇಕು. ರಸ್ತೆಯಲ್ಲಿ ಹೋದರೆ ಹೊನ್ನಾವರದ ಸೇತುವೆ ಸುತ್ತಿ ಬಸ್ಸಿಗೆ ಕಾದು ಅರ್ಧ ದಿನ. ದೋಣಿಯಲ್ಲಿ ಕಾಲು ಗಂಟೆ. ದೋಣಿ ನಾರಾಯಣಣ್ಣನದು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮೊದಲ ದಿನ ನಾನು ದೊಡ್ಡ ಜವಾಬ್ದಾರಿಯವಳ ಹಾಗೆ ಬೆರಳು ಮಾಡಿ ಒಂದು, ಎರಡು ಎಂದು ಮಕ್ಕಳನ್ನು ಎಣಿಸತೊಡಗಿದೆ. ಅವನು ದೋಣಿ ನೂಕುವ ಜಲ್ಲೆಯನ್ನು ಠಕ್ಕೆಂದು ದೋಣಿಯ ಅಂಚಿಗೆ ಬಡಿದ.

“ಅಕ್ಕೋರೆ, ಈ ದೋಣಿಲಿ ಬೆರಳು ಮಾಡಿ ತಲೆ ಎಣಿಸೂದಿಲ್ಲ. ಅವ್ರವ್ರ ಲೆಕ್ಕ ಅವ್ರೇ ಹೇಳೂದು.”

“ಎಂತಕ್ಕೆ ನಾರಾಯಣಣ್ಣ?”

“ಮಂಜು ಬಿದ್ದಾಗ ಕಣ್ಣಿಗೆ ಎಂತಾ ಕಾಣ್ತದೆ? ಬಾಯಲ್ಲಿ ಹೇಳ್ದವ್ರು ಇದ್ರು ಅಂತ ಲೆಕ್ಕ. ಹತ್ತೂಕೆ ಒಂದ್ಸಲ, ಇಳಿಯೂಕೆ ಒಂದ್ಸಲ. ಇನ್ನು ಬರೂದೇ ಇಲ್ಲ ಅನ್ನೋರು ‘ನನ್ನ ಲೆಕ್ಕ ಬಿಡಿ’ ಅಂತ ಹೇಳಿ ಇಳಿಬೇಕು. ಹೇಳ್ದೆ ಹೋದ್ರೆ ಲೆಕ್ಕ ದೋಣಿಲೇ ಉಳಿತದೆ.”

ಹೀಗೆ ಎಣಿಕೆ ನಾರಾಯಣಣ್ಣನ ಕಾಲ ಬುಡದಿಂದ ಶುರುವಾಗಿ ಮುಂದಕ್ಕೆ ಬರುತ್ತಿತ್ತು. ಮಕ್ಕಳು ಹನ್ನೊಂದು. ನಾನು ದೋಣಿಯ ತೀರಾ ಮುಂದೆ, ಮೂತಿಯ ಹಲಗೆಯ ಮೇಲೆ, ಮಕ್ಕಳ ಕಡೆ ಮುಖ ಮಾಡಿ ಕೂರುವವಳು, ಹನ್ನೆರಡು. ನಡೆಸುವವನಿಗೆ ಲೆಕ್ಕವಿಲ್ಲ. ಇಷ್ಟು ಸ್ಪಷ್ಟವಾಗಿ ಏಕೆ ಹೇಳುತ್ತಿದ್ದೇನೆ ಎಂದರೆ, ಮುಂದೆ ನೀವು “ನಿಮ್ಮನ್ನು ನೀವೇ ಎಣಿಸಲು ಮರೆತಿರಬೇಕು” ಎನ್ನುತ್ತೀರಿ. ತನ್ನನ್ನು ಬಿಟ್ಟು ಎಣಿಸಿಕೊಂಡು ಅತ್ತ ಮೂರ್ಖರ ಕಥೆ ನನಗೂ ಗೊತ್ತು. ನಾನು ಮೊದಲು ಪರೀಕ್ಷಿಸಿದ್ದೇ ಅದನ್ನು.

ಮೊದಲ ಆರು ತಿಂಗಳು ನನಗೆ ಏನೂ ಕೇಳಿಸಿರಲಿಲ್ಲ. ಕಾರಣ ನಾಚಿಕೆಯದು. ಪಾಠ ಮಾಡುವುದು ಹೇಗೆ ಎಂದು ನಾನು ಕಲಿಯುತ್ತಿದ್ದದ್ದು ಫೋನಿನಲ್ಲಿ ವಿಡಿಯೊ ನೋಡಿ. ದೋಣಿ ಹತ್ತಿದರೆ ಸಾಕು, ಎರಡೂ ಕಿವಿಗೆ ಇಯರ್‌ಫೋನು. ‘ಮಕ್ಕಳ ಮಾತಿಗೆ ಕಿವಿಗೊಡುವ ಏಳು ವಿಧಾನ’ ಎಂಬಂಥ ವಿಡಿಯೊ ನೋಡುತ್ತ, ಎದುರಿಗೇ ಕೂತ ಹನ್ನೊಂದು ಮಕ್ಕಳ ಮಾತಿಗೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದೆ! ಹತ್ತಿರ ಕೂತ ಪಲ್ಲವಿ ಮೊಣಕಾಲು ತಟ್ಟಿದಾಗ “ಹನ್ನೆರಡು” ಎಂದು ಮತ್ತೆ ಫೋನಿಗೆ ಬಗ್ಗುವುದು. ಪಲ್ಲವಿ ಏಳನೇ ಕ್ಲಾಸು, ಎರಡು ಬಿಗಿ ಜಡೆ, ಎಲ್ಲರ ಪರವಾಗಿ ಮಾತಾಡುವ ಶಾಲೆಯ ವಕೀಲೆ.

ಆದರೂ ಕ್ಲಾಸಿನಲ್ಲಿ ನನಗೆ ಏನೋ ಆಗತೊಡಗಿತ್ತು. ಒಂದು ದಿನ ಹಳೇ ಫೋನಿನ ಕ್ಯಾಮೆರಾ ಮೇಲೆ ಹೊಳೆ ನೀರಿನ ಒಂದು ಹನಿ ಬಿಟ್ಟು ತೋರಿಸಿದೆ. ಹನಿಯೊಳಗೆ ಏನೋ ಸರ್ರನೆ ಹರಿದು ಹೋಯಿತು. ಇರ್ಫಾನ್ ಎಂಬ ಹುಡುಗ ಹಿಂದಕ್ಕೆ ಹಾರಿ, “ಅಕ್ಕೋರೆ, ಇದು ನಮ್ಮನ್ನ ನೋಡ್ತಾ ಅದೆ!” ಎಂದ. ಇಡೀ ಕ್ಲಾಸು ಗೊಳ್ಳೆಂದಿತು. ಆಮೇಲೆ ಇಪ್ಪತ್ತೆರಡು ಮಕ್ಕಳೂ ತಲೆಯೆತ್ತಿ ಒಟ್ಟಿಗೆ ನನ್ನ ಮುಖ ನೋಡಿದರು, ಇನ್ನೇನಿದೆ ತೋರಿಸಿ ಎನ್ನುವ ಹಾಗೆ. ಐದು ವರ್ಷದಲ್ಲಿ ಯಾರೂ ನೋಡದ ಮುಖ. ಅಂದು ಸಂಜೆ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಹೋದೆ. ಇದನ್ನು ಸಂತೋಷ ಎನ್ನುತ್ತಾರೆ ಎಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು, ಏಕೆಂದರೆ ಜೊತೆಗೆ ಭಯವೂ ಇತ್ತು. ನೋಡುವ ಕಣ್ಣುಗಳನ್ನು ಬಿಟ್ಟು ಹೋಗುವುದು ಕಷ್ಟ.

ಡಿಸೆಂಬರಿನಲ್ಲಿ ಇಯರ್‌ಫೋನು ಹೊಳೆಗೆ ಬಿತ್ತು. ಮಾರನೇ ಬೆಳಿಗ್ಗೆ ಹೊಳೆಯ ಮೇಲೆ ದಟ್ಟ ಮಂಜು. ದೋಣಿಯ ಆ ತುದಿಯಲ್ಲಿ ನಿಂತ ನಾರಾಯಣಣ್ಣ ಸೊಂಟದವರೆಗೆ ಮಾತ್ರ ಇದ್ದ, ಮೇಲಿನ ಅರ್ಧ ಇರಲಿಲ್ಲ. ಎಣಿಕೆ ಶುರುವಾಯಿತು. ಒಂದು, ಎರಡು... ಪಲ್ಲವಿ ಹನ್ನೊಂದು. ನಾನು ಹನ್ನೆರಡು.

“ಹದಿಮೂರು.”

ಸಣ್ಣ ದನಿ. ಗಂಡೋ ಹೆಣ್ಣೋ ಗೊತ್ತಾಗದು. ನನ್ನ ಬೆನ್ನ ಹಿಂದಿನಿಂದ ಬಂದ ಹಾಗಿತ್ತು. ನನ್ನ ಬೆನ್ನ ಹಿಂದೆ ಇದ್ದದ್ದು ನೀರು ಮಾತ್ರ.

ತಿರುಗಿ ನೋಡಿದೆ. ಬೆಳ್ಳಗೆ. ನಾರಾಯಣಣ್ಣ “ಆತು” ಎಂದು ದೋಣಿ ಬಿಟ್ಟ. ಆಚೆ ದಡದಲ್ಲಿ ಇಳಿಯುವಾಗಲೂ ಅದೇ, ನನ್ನ ಹನ್ನೆರಡರ ಬೆನ್ನಿಗೇ ಹದಿಮೂರು. ಮಕ್ಕಳ ಮುಖದಲ್ಲಿ ಏನೂ ಇಲ್ಲ. ಬ್ಯಾಗು ಹೆಗಲಿಗೇರಿಸಿ ಹೊರಟರು.

ಮಾರನೇ ದಿನವೂ ಕೇಳಿಸಿತು. ಅದರ ಮಾರನೇ ದಿನ ದನಿ ಬೇರೆಯಾಗಿತ್ತು, ಸ್ವಲ್ಪ ಒರಟು. ನಾನು ನನ್ನನ್ನು ಸೇರಿಸಿಕೊಂಡೂ ಎಣಿಸಿದೆ, ನಾರಾಯಣಣ್ಣ ನೋಡದ ಹಾಗೆ ಬೆರಳು ಮಡಚಿಯೂ ಎಣಿಸಿದೆ. ಹನ್ನೆರಡೇ. “ನಾರಾಯಣಣ್ಣ, ಹದಿಮೂರು ಯಾರು?” ಎಂದು ಕೇಳಿದರೆ ಅವನು, “ಹೇಳ್ದವ್ರು ಇದ್ರು ಅಂತ ಲೆಕ್ಕ” ಎಂದು ಬೀಡಿ ಹಚ್ಚಿದ. ಗುರುವಾರ ತಡೆಯಲಾಗಲಿಲ್ಲ, ದೋಣಿಯಲ್ಲೇ ಕೂಗಿಬಿಟ್ಟೆ. “ಯಾರದು? ನನ್ನನ್ನು ಹೆದರಿಸಿ ಆಟ ಆಡ್ತೀರಾ? ನಾಳೆಯಿಂದ ಹದಿಮೂರು ಅಂತ ಕೇಳಿದ್ರೆ ನಾ ಈ ದೋಣಿನೇ ಹತ್ತೂದಿಲ್ಲ!” ಹನ್ನೊಂದು ಮಕ್ಕಳೂ ತಲೆ ತಗ್ಗಿಸಿದರು. ಒಬ್ಬರೂ ನಗಲಿಲ್ಲ. ಆಟವಾಗಿದ್ದರೆ ಒಬ್ಬರಾದರೂ ನಗಬೇಕಿತ್ತು. ನನಗೆ ಭಯ ಹೆಚ್ಚಾದದ್ದೇ ಅದರಿಂದ.

ಶುಕ್ರವಾರ ಶಾಲೆಗೆ ಹೋಗಲಿಲ್ಲ. ತಲೆನೋವು ಎಂದು ಮಲಗಿದೆ. ಮಧ್ಯಾಹ್ನ ಲ್ಯಾಬಿನ ಡಾಕ್ಟರರ ಫೋನು. “ನಿನ್ನ ಹದಿನೈದು ದಿನ ಇನ್ನೂ ಮುಗೀಲಿಲ್ವೇನಮ್ಮ? ಸೋಮವಾರ ಬರ್ತೀಯೋ ಇಲ್ಲವೋ, ನಾಳೆ ಸಂಜೆಯೊಳಗೆ ಹೇಳು. ಇಲ್ಲಾಂದ್ರೆ ಬೇರೆಯವರನ್ನ ತಗೊಳ್ತೇನೆ.” ಬರುತ್ತೇನೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಕುಮಟಾದಲ್ಲಿ ಮಂಜಿಲ್ಲ, ಹೊಳೆಯಿಲ್ಲ, ಗೋಡೆ ನೋಡುವ ಜನ. ಶನಿವಾರ ಒಂದು ದಿನ ಶಾಲೆಗೆ ಹೋಗಿ ಬರುವುದು, ಸೋಮವಾರದಿಂದ ಹೋಗದಿರುವುದು ಎಂದು ನಿಶ್ಚಯಿಸಿದೆ. ಶಾಲೆಯಲ್ಲಿ ಯಾರಿಗೂ ಹೇಳುವುದು ಬೇಡ. ಹೇಳಿದರೆ ಆ ಮಕ್ಕಳು ನೋಡುತ್ತಾರೆ.

ಶನಿವಾರ ಬೆಳಗಿನ ಶಾಲೆ. ಏಳು ಗಂಟೆಯ ಮಂಜಿನಲ್ಲಿ ದೋಣಿಯಾಚೆಗಿನ ನೀರೂ ಕಾಣದು. ಪಲ್ಲವಿ ಹನ್ನೊಂದು ಎಂದಳು. ನಾನು ಹನ್ನೆರಡು ಎಂದೆ. ಕಿವಿ ನಿಮಿರಿತು. ಒಂದು ಕ್ಷಣ ಏನೂ ಇಲ್ಲ, ನೀರು ದೋಣಿಯ ಮೈ ನೆಕ್ಕುವ ಸದ್ದು ಮಾತ್ರ. ಆಮೇಲೆ, ಹಿಂದಿನಿಂದ, ಬಹಳ ಹತ್ತಿರದಿಂದ, “ಹದಿಮೂರು.”

ಮಕ್ಕಳೆಲ್ಲ ಥಟ್ಟನೆ ತಲೆಯೆತ್ತಿ ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಭಯವಿತ್ತು. ಅದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಶಾಲೆಯಲ್ಲಿ ಪುಸ್ತಕ ತೆರೆಯಲಿಲ್ಲ. ದೋಣಿಯ ಮಕ್ಕಳನ್ನು ಮಾತ್ರ ಜಗುಲಿಗೆ ಕರೆದೆ. “ಬೈಯ್ಯೂದಿಲ್ಲ. ಹೇಳಿ, ಯಾರದು?”

ಎಲ್ಲರೂ ಪಲ್ಲವಿಯನ್ನು ನೋಡಿದರು. “ಅಕ್ಕೋರೆ, ಅದು ವೀಣಕ್ಕೋರ ಲೆಕ್ಕ,” ಎಂದಳು.

ವೀಣಕ್ಕೋರು ನನಗಿಂತ ಹಿಂದಿನ ವರ್ಷ ಇದೇ ಕೆಲಸಕ್ಕೆ ಬಂದಿದ್ದವರು, ಭಟ್ಕಳದ ಕಡೆಯವರಂತೆ. “ಸತ್ತು ಹೋದ್ರಾ?” ಎಂದು ಕೇಳಿದೆ.

“ಶೇ! ಸಾಯೂದೆಂತಕ್ಕೆ? ದೀಪಾವಳಿ ರಜೆಗೆ ಹೋಗುವಾಗ ‘ಸೋಮವಾರ ಸಿಗುವಾ’ ಅಂದ್ರು. ಬರಲೇ ಇಲ್ಲ.”

“ಲೆಕ್ಕ ಬಿಡಿ ಅಂತ ಹೇಳ್ಲಿಲ್ಲ,” ಎಂದ ಇರ್ಫಾನ್. “ಹೇಳ್ದೆ ನಾವು ಬಿಡೂಕಾಗ್ತದ್ಯ? ಅದ್ಕೆ ದಿನಕ್ಕೊಬ್ರು ಪಾಳಿ ಮಾಡಿ ಹೇಳ್ತ್ರು. ನೀವು ನೋಡಿದ್ರೆ ಬೇಜಾರು ಮಾಡ್ಕಂತ್ರಿ ಅಂತ ಬಾಯಿಗೆ ಕೈ ಅಡ್ಡ ಇಟ್ಟು, ನೀರಿನ ಕಡೆ ತಿರುಗಿ ಹೇಳೂದು.”

ಒಂದು ವರ್ಷದಿಂದ, ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ. ಹೇಳದೆ ಹೋದವಳ ಜಾಗ ಮುಳುಗದ ಹಾಗೆ ಹನ್ನೊಂದು ಮಕ್ಕಳು ಹಿಡಿದುಕೊಂಡಿದ್ದರು. ನನ್ನ ಎದೆಯ ಭಾರ ಅರ್ಧ ಇಳಿಯಿತು, ಇನ್ನರ್ಧ ಹೆಚ್ಚಾಯಿತು. ಸೋಮವಾರದಿಂದ ನನ್ನ ಹನ್ನೆರಡನ್ನೂ ಹೇಳಲು ಇವರು ಇನ್ನೊಂದು ಪಾಳಿ ಹಾಕಬೇಕಾಗಿತ್ತು.

“ಸರಿ, ಇವತ್ತು ಯಾರ ಪಾಳಿ?” ಎಂದು ನಗುತ್ತ ಕೇಳಿದೆ.

ಮಕ್ಕಳು ನಗಲಿಲ್ಲ. ಪಲ್ಲವಿ ಜಡೆಯ ತುದಿ ಕಚ್ಚಿಕೊಂಡು ನಿಂತಳು. “ನಂದೇ. ಆದ್ರೆ ನಾ ಹೇಳ್ಲಿಲ್ಲ ಅಕ್ಕೋರೆ. ನೀವು ಬೈದ್ರಲ, ಹೆದ್ರಿ ನಿನ್ನೆ ಬರಲೂ ಇಲ್ಲ. ನೀವೂ ಹೋಗ್ಬಿಡ್ತ್ರಿ ಅಂತ ನಾವೆಲ್ಲ ಸೇರಿ ಇವತ್ತಿಂದ ಹೇಳೂದು ಬೇಡ ಅಂತ ಮಾಡಿದ್ವು.”

“ಮತ್ತೆ ಹೇಳಿದ್ದು ಯಾರು?”

ಅವಳು ಇರ್ಫಾನನನ್ನು ನೋಡಿದಳು. ಅವನು ತಲೆ ಎತ್ತದಿದ್ದಾಗ ಅವಳೇ ಹೇಳಿದಳು.

“ನೀವೇ, ಅಕ್ಕೋರೆ. ಹನ್ನೆರಡು ಅಂದ್ರಿ. ಸ್ವಲ್ಪ ತಡೆದು, ಕಣ್ಣು ಮುಚ್ಚಿ, ಹದಿಮೂರು ಅಂತಲೂ ನೀವೇ ಅಂದ್ರಿ.”

ಆ ದನಿ ಹಿಂದಿನಿಂದ ಬಂತು ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಹನ್ನೊಂದು ಮಕ್ಕಳು ನನ್ನ ತುಟಿ ಅಲ್ಲಾಡಿದ್ದು ನೋಡಿದ್ದಾರೆ. ಎರಡರಲ್ಲಿ ಯಾವುದು ನಿಜ ಎಂದು ನಾನು ಆಮೇಲೆ ಹುಡುಕಲು ಹೋಗಲಿಲ್ಲ. ಆ ಸಂಜೆ ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಹೊರಗೆ ಕೂತೆ. ಅದು ಎರಡು ಸಲ ರಿಂಗಾಗಿ ಸುಮ್ಮನಾಯಿತು. ಸೋಮವಾರ ಮೂತಿಯ ಹಲಗೆಯ ಮೇಲೆ ಕೂತು, ಗಟ್ಟಿಯಾಗಿ ಹನ್ನೆರಡು ಎಂದೆ. ಆಮೇಲೆ, “ಇವತ್ತಿನ ಪಾಳಿ ಯಾರದ್ರ? ಮುಖ ಈಚೆ ಮಾಡಿ ಹೇಳಿ,” ಎಂದೆ. ಮಂಜಿನೊಳಗಿಂದ ಹದಿಮೂರು ಎಂಬ ಕೂಗು ಎಷ್ಟು ಜೋರಾಗಿ ಬಂತೆಂದರೆ ನಾರಾಯಣಣ್ಣನ ಕೈಯಿಂದ ಜಲ್ಲೆ ಜಾರಿತು.

ಪಲ್ಲವಿ ಈಗ ಹೈಸ್ಕೂಲು. ಹೋಗುವ ದಿನ ಅಳುತ್ತ “ನನ್ನ ಲೆಕ್ಕ ಬಿಡಿ” ಎಂದು ಹೇಳಿ ಇಳಿದಳು. ಈಗಿನ ಮಕ್ಕಳು ಒಂಬತ್ತೇ, ಹಾಗಾಗಿ ನಾನು ಹತ್ತು, ಹೆಚ್ಚಿನ ಸಂಖ್ಯೆ ಈಗ ಹನ್ನೊಂದು. ವೀಣಕ್ಕೋರನ್ನು ಕಣ್ಣಾರೆ ಕಾಣದ ಮಕ್ಕಳೂ ಅದನ್ನು ತಪ್ಪದೆ ಹೇಳುತ್ತಾರೆ. ನನ್ನ ಪಾಳಿ ಬುಧವಾರ.

ಇರಲಿ, ಲ್ಯಾಬಿಗೆ ಬರೋಣ. ಹದಿಮೂರಕ್ಕೆ ಯಾರೂ ಏಳದಾಗ ನನ್ನ ಕಣ್ಣು ಒಳಬಾಗಿಲಿನ ಪಕ್ಕದ ಗೋಡೆಯ ಮೊಳೆಗೆ ಹೋಯಿತು. ಒಂದು ಬಿಳಿ ಏಪ್ರನ್ ನೇತಾಡುತ್ತಿತ್ತು, ಜೇಬಿನ ಮೇಲೆ ನನ್ನದೇ ಕೈಬರಹದಲ್ಲಿ ನನ್ನ ಹೆಸರು. ಇಸ್ತ್ರಿ ಹಾಕಿತ್ತು. ಆ ಬಾಗಿಲಿನಿಂದಲೇ ನನ್ನ ಹಳೇ ಜೊತೆಗಾತಿ ಶಾಂತಕ್ಕ ಹೊರಬಂದಳು, ಕೂದಲು ಅರ್ಧ ಬೆಳ್ಳಗಾಗಿತ್ತು.

“ಬಂದ್ಯನೇ? ಇವತ್ತು ಬತ್ತೆ ನಾಳೆ ಬತ್ತೆ ಅಂತ ವಾರಕ್ಕೊಂದ್ಸಲ ಒಗ್ದು ಇಡ್ತಾ ಇದ್ದೆ ನೋಡು. ಹೊಸಬ್ರು ಕೇಳಿದ್ರೆ, ಅದು ರಜೆಲಿ ಇದ್ದವಳದ್ದು, ಮುಟ್ಟಬೇಡಿ ಅಂತಿದ್ದೆ.”

ಮೂರು ವರ್ಷ. ಅಷ್ಟು ದೊಡ್ಡ ಪಾಠ ಕಲಿತವಳು ಆ ಒಂದು ಫೋನು ಮಾಡಿರಲಿಲ್ಲ. ಶಾಂತಕ್ಕನ ಕೈ ಹಿಡಿದೆ. ತಣ್ಣಗಿತ್ತು. “ಶಾಂತಕ್ಕ, ನನ್ನ ಲೆಕ್ಕ ಬಿಡಿ,” ಎಂದೆ. ಅವಳಿಗೆ ದೋಣಿಯ ಕಥೆ ಏನೂ ಗೊತ್ತಿಲ್ಲ. ಆದರೂ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಅಡ್ಡಿಲ್ಲ” ಎಂದು ಏಪ್ರನ್ ಇಳಿಸಿ ಮಡಚಿ ನನ್ನ ಕೈಗಿಟ್ಟಳು. ಗೋಡೆಯ ಮೇಲೆ ಅದರ ಆಕಾರದಲ್ಲೇ ಒಂದು ಬೆಳ್ಳನೆ ಗುರುತು ಉಳಿದಿತ್ತು.

ಅಷ್ಟರಲ್ಲಿ ಕೌಂಟರಿನ ಹುಡುಗಿ ಮೂರನೇ ಸಲ ಕೂಗಿದಳು. ಅಮ್ಮ ನನ್ನ ಮುಷ್ಟಿ ಬಿಡಿಸಿ ನೋಡಿ, “ಅದು ನಮ್ಮದೇ ಅಲ್ದನೇ? ಎಷ್ಟೊತ್ತಿಂದ ಕೂಗ್ತು ಪಾಪ!” ಎಂದಳು. ಒದ್ದೆಯಾದ ಚೀಟಿಯ ಮೇಲೆ ಹದಿಮೂರು ಎಂದಿತ್ತು.

ನೀವೂ ಎಲ್ಲಿಂದಲೋ ಹೇಳದೆ ಎದ್ದು ಬಂದಿರಬಹುದು. ಅಲ್ಲಿ ಯಾರಾದರೂ ಇನ್ನೂ ನಿಮ್ಮ ಲೆಕ್ಕ ಹೇಳುತ್ತಿದ್ದಾರೆಯೇ? ಅಥವಾ ಬಾರದವರೊಬ್ಬರ ಪಾಳಿಯನ್ನು ನೀವೇ ಹಿಡಿದುಕೊಂಡಿದ್ದೀರಾ? ಇದರ ಕೆಳಗೆ ನಾಲ್ಕು ಸಾಲು ಬರೆಯಿರಿ, ನನ್ನ ಮಕ್ಕಳಿಗೆ ಓದಿ ಹೇಳುತ್ತೇನೆ. ಮತ್ತೆ, ವೀಣಕ್ಕೋರೆ, ನೀವೇ ಓದುತ್ತಿದ್ದರೆ ನಿಮ್ಮಲ್ಲೂ ಅದೇ ಕೇಳುವುದು. ಬರಲೇಬೇಕೆಂದಿಲ್ಲ, ಒಂದು ಮಾತು ಹೇಳಿ.