ಸರ್ವರ್ ಡೌನ್

ನನಗೆ ಗೊತ್ತಿರುವ ಸುಳ್ಳುಗಳಲ್ಲಿ ಅತ್ಯಂತ ಮರ್ಯಾದಸ್ಥ ಸುಳ್ಳೆಂದರೆ 'ಸರ್ವರ್ ಡೌನ್ ಆಗಿದೆ' ಎನ್ನುವುದು. ಹೇಳಿದವನ ಮುಖ ಸಣ್ಣದಾಗುವುದಿಲ್ಲ, ಕೇಳಿದವನು ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಎಲ್ಲೋ ಕಾಣದ ಊರಿನಲ್ಲಿ ಕಾಣದ ಯಂತ್ರವೊಂದು ಬಿದ್ದುಕೊಂಡಿದೆ. ಅದಕ್ಕೆ ತಿಪಟೂರಿನವರು ಏನು ಮಾಡಲಾದೀತು?

ತಿಪಟೂರಿನಲ್ಲಿ ಕೂತು ವೆಬ್‌ಸೈಟ್ ಮಾಡುವುದು ನನ್ನ ಕಸುಬು. ಅಂಗಡಿಯವರಿಗೆ ಅದಿನ್ನೂ ಹೊಸ ಬೋರ್ಡು ಬರೆಸಿದಂಥ ಒಂದು ಶೋಕಿ. ನನ್ನ ಖಾಯಂ ಗಿರಾಕಿ ಕೊಬ್ಬರಿ ಮಂಡಿಯ ಖಾದರ್ ಸಾಹೇಬರು. ಹರಾಜು ಮುಗಿದ ಸಂಜೆ ಅವರ ಪುಟದಲ್ಲಿ ಹಳೆಯ ದರ ತೆಗೆದು ಹೊಸ ದರ ಹಾಕಬೇಕು, ಅಷ್ಟೇ ಕೆಲಸ. ದೂರದೂರದ ವ್ಯಾಪಾರಿಗಳು ಅದನ್ನು ನೋಡುತ್ತಾರೆಂದು ಅವರ ನಂಬಿಕೆ. ಅದಕ್ಕೆಂದೇ ಮಂಡಿಯಲ್ಲಿ ಎರಡು ಫೋನ್ ಲೈನ್ ಇಟ್ಟಿದ್ದರು: ಒಂದು ಮಾತಿಗೆ, ಇನ್ನೊಂದು ಕಂಪ್ಯೂಟರಿಗೆ.

ಆದರೆ ಕೆಲವು ವಾರ ಆ ಚಿಟಿಕೆ ಕೆಲಸ ನನ್ನಿಂದ ಆಗುತ್ತಿರಲಿಲ್ಲ. ಮೈಯಲ್ಲಿ ಜ್ವರವಿಲ್ಲ, ಕೈಕಾಲು ನೆಟ್ಟಗಿವೆ. ಹಾಸಿಗೆಯಿಂದ ಕಂಪ್ಯೂಟರಿನವರೆಗೆ ಹೋಗುವುದು ಮಾತ್ರ ಚಿಕ್ಕನಾಯಕನಹಳ್ಳಿಗೆ ನಡೆದು ಹೋದಷ್ಟು ದೂರ. ತುಮಕೂರಿನ ಡಾಕ್ಟರು ಡಿಪ್ರೆಷನ್ ಎಂದರು. ನಿಘಂಟು ಖಿನ್ನತೆ ಎನ್ನುತ್ತದೆ. ಆ ಪದವನ್ನು ನಮ್ಮ ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದು ನಾನು ಕೇಳಿಲ್ಲ. ನಮ್ಮಲ್ಲಿರುವುದು 'ಬೇಜಾರು'. ಬಸ್ಸು ತಪ್ಪಿದರೂ ಬೇಜಾರು, ಬದುಕು ಬೇಡವೆನಿಸಿದರೂ ಬೇಜಾರು. ಒಂದೇ ಪದವನ್ನು ಇಷ್ಟು ದುಡಿಸಿಕೊಂಡರೆ ಅದಕ್ಕಾದರೂ ಸುಸ್ತಾಗದೆ ಇದ್ದೀತೆ? ವೆಬ್ ಪುಟಗಳೇ ವಾಸಿ. ಪುಟ ಸಿಗದಿದ್ದರೆ ಒಂದು ಸಂಖ್ಯೆ, ಒಳಗೇ ಏನೋ ಕೆಟ್ಟಿದ್ದರೆ ಇನ್ನೊಂದು. ನಾಚಿಕೆಯಿಲ್ಲದೆ ಹಣೆಯ ಮೇಲೆ ಬರೆದುಕೊಂಡು ನಿಲ್ಲುತ್ತವೆ.

ನನಗೆ ನಾಚಿಕೆಯಿತ್ತು. ನಾನು ಬಿಳಿಗೆರೆಯ ಕಡೆಯವನು. ಅಲ್ಲಿ ತೆಂಗಿನಕಾಯಿ ಅಟ್ಟದ ಮೇಲೆ ಅಲುಗಾಡದೆ ತಿಂಗಳುಗಟ್ಟಲೆ ಮಲಗಿದರೆ, ಒಳಗೆ ಕೊಬ್ಬರಿಯಾಗುತ್ತಿದೆ ಎಂದು ಮನೆಯವರೆಲ್ಲ ತಾಳ್ಮೆಯಿಂದ ಕಾಯುತ್ತಾರೆ. ಮೀಸೆ ಬಂದ ಗಂಡಸು ಒಂದು ವಾರ ಮಲಗಿದರೆ ಅವನೊಳಗೆ ಏನಾಗುತ್ತಿದೆಯೆಂದು ಕಾಯುವವರಿಲ್ಲ.

ಆಗೆಲ್ಲ ಫೋನು ಎತ್ತುತ್ತಿದ್ದವಳು ನನ್ನ ಹೆಂಡತಿ ಗಿರಿಜಾ. "ಸರ್ವರ್ ಡೌನ್ ಆಗೈತಂತೆ ಕಣ್ರೀ ಸಾಹೇಬ್ರೇ. ನಮ್ಮನೆಯವ್ರು ಅದ್ನೇ ನೋಡ್ತಾ ಕೂತವ್ರೆ" ಎನ್ನುವಳು. ನಾನು ಕೂತಿರುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ.

ನನ್ನ ಅಮ್ಮನಿಗೆ ಸರ್ವರ್ ಎಂದರೆ ಹೋಟೆಲಿನಲ್ಲಿ ದೋಸೆ ತಂದಿಡುವವನು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಯಾವನೋ ಪಾಪದವನು ಪದೇ ಪದೇ ಬೀಳುತ್ತಾನೆಂದು ಅವಳು ತಿಳಿದಳು. ತಟ್ಟೆ ಹೊರುವ ಕೆಲಸ ಬಿಡಿಸಿ ಗಲ್ಲಾದಲ್ಲಿ ಕೂರಿಸಲಿ ಎಂದು ಸಲಹೆಯನ್ನೂ ಕೊಟ್ಟಳು. ಗಿರಿಜಾ ತಿದ್ದಲಿಲ್ಲ. ಆಮೇಲೆ ಬೆಳಿಗ್ಗೆ ಅಮ್ಮ "ಎದ್ದನೇನೇ ಆ ಸರ್ವರ್ರು?" ಎಂದು ಕೇಳುವುದು, ಗಿರಿಜಾ "ಇನ್ನೂ ಮಲಗವ್ನೆ ಅತ್ತೆ" ಎನ್ನುವುದು ಮನೆಯ ವಾಡಿಕೆಯಾಯಿತು. ಯಾವಾಗಿನಿಂದ ಆ ಪ್ರಶ್ನೆ ನನ್ನ ಕುರಿತಾಯಿತೋ ತಿಳಿಯದು.

ಒಂದು ದಿನವೂ ಮಲಗದ ಗಿರಿಜಾ, ಕಳೆದ ಮಳೆಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ನಾನು ಮಲಗಿದೆ. ಬಂದವರು ಬಾಗಿಲಲ್ಲೇ ದನಿ ತಗ್ಗಿಸಿ, ಹೆಂಡತಿ ಹೋದ ದುಃಖ, ಎಬ್ಬಿಸಬೇಡಿ ಎಂದರು. ಮಲಗುವುದಕ್ಕೂ ಮರ್ಯಾದೆ ಬಂತು. ದುಃಖವಿರಲಿಲ್ಲವೆಂದಲ್ಲ. ಆದರೆ ದುಃಖ ನನ್ನನ್ನು ಎಬ್ಬಿಸುತ್ತದೆ, ಅವಳ ಸೀರೆಗಳನ್ನು ಬಿಚ್ಚಿ ಮತ್ತೆ ಮಡಿಸುವಂತೆ ಮಾಡುತ್ತದೆ. ಮಲಗಿಸಿದ್ದು ಆ ಹಳೆಯ ಬೇಜಾರೇ. ಈಗ ಅವಳ ಹೆಸರು ಹೇಳಿಕೊಂಡು ಮಲಗಿತ್ತು, ಅಷ್ಟೇ. ಬದುಕಿದ್ದಾಗ ಅವಳ ಬಾಯಲ್ಲಿ ಸುಳ್ಳು ಹೇಳಿಸಿದೆ. ಹೋದ ಮೇಲೆ ಅವಳ ಸಾವನ್ನೇ ಸುಳ್ಳು ಮಾಡಿಕೊಂಡೆ. ಅದರ ಮುಂದೆ ಮುಂಚಿನ ನಾಚಿಕೆಯೆಲ್ಲ ಬರೀ ಮುಜುಗರ.

ಮೊನ್ನೆ ಹರಾಜಿನ ಸಂಜೆ ಫೋನು ಬಡಿದುಕೊಂಡಿತು. ಅಮ್ಮ ಫೋನು ಮುಟ್ಟುವವಳಲ್ಲ. ನಿಂತು ಮತ್ತೆ ಬಡಿದುಕೊಂಡಿತು. ಎದ್ದು ಹೋಗಿ ಎತ್ತಿದೆ. ಸಾಹೇಬರು. ಪುಟದಲ್ಲಿ ಮಳೆಗಾಲದ ದರವೇ ನಿಂತಿದೆ ಎಂದು ಅವರು ಹೇಳಲಿಲ್ಲ. ಊಟವಾಯಿತೇ ಎಂದು ಕೇಳಿದರು. ಗಿರಿಜಾಳ ಆ ಎರಡು ಪದ ಆಗಲೇ ನನ್ನ ನಾಲಿಗೆಯ ಮೇಲೆ ಬಂದು ಕೂತಿದ್ದವು. ಅವುಗಳ ಹಿಂದೆ 'ಹೆಂಡತಿ ಹೋದ ದುಃಖ' ಸರದಿಗೆ ಕಾದು ನಿಂತಿತ್ತು. ಎರಡನ್ನೂ ದಾಟಿ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಸರ್ವರ್ ಅಲ್ಲ ಸಾಹೇಬ್ರೇ. ಯಾವತ್ತೂ ಸರ್ವರ್ ಆಗಿರ್ಲಿಲ್ಲ. ಗಿರಿಜಾ ಇರೋವಾಗ್ಲೂ ನಾನೇ ಬಿದ್ಕೊಂಡಿರ್ತಿದ್ದೆ. ಅದಕ್ಕೆ ಮಾತ್ರೆ ತಗೋತೀನಿ."

ಅತ್ತ ಕಡೆ ಗೋಣಿಚೀಲ ಎಳೆಯುವ ಸದ್ದು ಕೇಳಿಸುತ್ತಿತ್ತು.

"ಗೊತ್ತು ಕಣಪ್ಪ" ಎಂದರು ಸಾಹೇಬರು. "ಆಯಮ್ಮ ಈ ಫೋನಲ್ಲಿ ಸರ್ವರ್ ಡೌನ್ ಅನ್ನೋರು, ಇಲ್ಲಿ ಕಂಪ್ಯೂಟರಲ್ಲಿ ನಿನ್ ಪೇಜು ಕಣ್ಮುಂದೆ ಓಪನ್ ಆಗಿರೋದು. ಸರ್ವರ್ ಬಿದ್ದಿದ್ರೆ ಹಳೇ ರೇಟು ನಂಗೆ ಎಲ್ಲಿಂದ ಕಾಣ್ಬೇಕು?"

ಮತ್ತೇಕೆ ಕೇಳಲಿಲ್ಲ ಎಂದೆ.

"ಹೆಣ್ಮಗಳು ಅಷ್ಟು ಚೆನ್ನಾಗಿ ಹೇಳ್ತಿದ್ರೆ ಸುಳ್ಳು ಅನ್ನೋಕಾಗುತ್ತಾ? ಬುಡು."

ಆ ದಿನದ ದರ ಹೇಳಿ, ಆದಾಗ ಹಾಕು ಎಂದು ಫೋನಿಟ್ಟರು. ನನ್ನ ನಾಚಿಕೆಯೇನೂ ಹೋಗಲಿಲ್ಲ. ಅದನ್ನು ನಾನೊಬ್ಬನೇ ಬಚ್ಚಿಟ್ಟುಕೊಂಡಿದ್ದೇನೆಂಬ ಜಂಬ ಮಾತ್ರ ಸ್ವಲ್ಪ ಇಳಿಯಿತು.

ಕಂಪ್ಯೂಟರಿನ ಮುಂದೆ ಹೋಗಿ ಕುಳಿತೆ. ಮೋಡೆಮ್ ಬಹಳ ದಿನದ ಮೇಲೆ ಗೊರಗೊರ ಎಂದು ಗಂಟಲು ಸರಿ ಮಾಡಿಕೊಂಡಿತು. ಅಡುಗೆಮನೆಯಿಂದ ಅಮ್ಮ ಕೇಳಿದಳು: "ಎದ್ದನೇನ್ಲಾ ಸರ್ವರ್ರು?"

"ಕೂತವ್ನೆ ಕಣಮ್ಮ" ಎಂದೆ.